ನಾಲ್ಕೇ ಬಿಲ್ಲೆ: ಮಾಜಾಂಗ್ ಮಂಗಾ ಓದುವ ಬಗೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮಂಗಾ, ಅಂದರೆ ಜಪಾನಿನ ಚಿತ್ರಕಥೆ, ಓದುವವರೇ ಹೆಚ್ಚು, ಪೀಠಿಕೆ ಬೇಡ. ಹಿಂದಿನ ಸಾಲಿನ ಹಿರಿಯರಿಗೆ ಮಾತ್ರ ಒಂದು ಮಾತು: ‘ಮಂಗಾ’ದ ಕೊನೆಯ ದೀರ್ಘ ಬಿಡಬೇಡಿ, ಅರ್ಥವೇ ಮರ ಹತ್ತಿಬಿಡುತ್ತದೆ!

ಮಾಜಾಂಗ್, ಅಂದರೆ ನಾಲ್ವರು ಆಡುವ ಬಿಲ್ಲೆಯಾಟದ ಮಂಗಾಗಳಾದ ‘ಅಕಾಗಿ’, ‘ಸಾಕಿ’ ನೋಡಿದ ಎಷ್ಟೋ ಜನ, ಆಟ ತಿಳಿಯದಿದ್ದರೂ ನಡೆಯುತ್ತದೆ, ಮುಖಭಾವ ನೋಡಿದರೆ ಸಾಕು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಒಂದೇ ಲೆಕ್ಕ ಹಿಡಿದುಕೊಳ್ಳಿ, ಪುಟ ಬೇರೆಯಾಗಿ ಕಾಣುತ್ತದೆ. ಬಿಲ್ಲೆಗಳು 34 ಬಗೆ (ಅಂಕಿಯವು, ದಿಕ್ಕಿನವು ಇತ್ಯಾದಿ), ಪ್ರತಿ ಬಗೆಗೂ ನಾಲ್ಕೇ, ಒಟ್ಟು 136.

ರಮ್ಮಿ ನಿಮಗೆ ಗೊತ್ತು. ಕೈಯಲ್ಲಿ 13 ಎಲೆ, ಒಂದು ಎತ್ತು, ಒಂದು ಬಿಡು. ಇಲ್ಲೂ 13. ಹದಿನಾಲ್ಕನೆಯದು ಬಂದಾಗ ಸಾಮಾನ್ಯವಾಗಿ ಮೂರು ಮೂರರ ನಾಲ್ಕು ಗುಂಪು, ಒಂದು ಜೋಡಿ ಕೂಡಬೇಕು. ಆದರೆ ರಮ್ಮಿಯಲ್ಲಿ ಬಿಟ್ಟ ಎಲೆ ರಾಶಿಯಡಿ ಮುಚ್ಚಿಹೋಗುತ್ತದೆ. ಜಪಾನಿನ ಮಾಜಾಂಗಿನಲ್ಲಿ ಅದು ಬಿಟ್ಟವರ ಮುಂದೆಯೇ, ಬಿಟ್ಟ ಕ್ರಮದಲ್ಲೇ, ಸಾಲಿಗೆ ಆರರಂತೆ ಉಳಿಯುತ್ತದೆ. ಅದಕ್ಕೆ ‘ಕಾವಾ’, ಅಂದರೆ ಹೊಳೆ, ಎನ್ನುತ್ತಾರೆ. ಎಂಟರ ನಾಲ್ಕೂ ಹೊಳೆಯಲ್ಲಿ ಬಿದ್ದಿದ್ದರೆ, ಏಳು-ಎಂಟು ಹಿಡಿದು ಒಂಬತ್ತಕ್ಕೆ ಕಾಯುವವರು ಇರಲಾರರು. ಹೊಸಬರು ಎಡವುವುದು ‘ಫುರಿತೆನ್’ನಲ್ಲಿ: ನಾಲ್ಕು-ಐದು ಹಿಡಿದು ಮೂರು, ಆರಕ್ಕೆ ಕಾಯುತ್ತಿದ್ದೀರಿ, ನಿಮ್ಮದೇ ಹೊಳೆಯಲ್ಲಿ ಮೂರು ಬಿದ್ದಿದೆ. ಆಗ ಬೇರೆಯವರು ಆರು ಬಿಟ್ಟರೂ ಗೆಲ್ಲುವಂತಿಲ್ಲ, ನೀವೇ ಎತ್ತಬೇಕು.

ಈಗ ‘ಅಕಾಗಿ’ಗೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ. ಫುಕುಮೊತೊ ನೊಬುಯುಕಿ ಅವರ ಈ ಕೃತಿ ‘ಕಿಂದೈ ಮಾಜಾಂಗ್’ ಪತ್ರಿಕೆಯಲ್ಲಿ 2018ರವರೆಗೆ ಬಂತು. ಅದರಲ್ಲಿ ವಾಶಿಜು ಎಂಬ ಸಿರಿವಂತ ಮುದುಕನ ಜೊತೆಗಿನ ಪಂದ್ಯ ಕಥೆಯಲ್ಲಿ ಒಂದು ರಾತ್ರಿ. ಓದುಗರಿಗೆ ಸುಮಾರು 20 ವರ್ಷ! ಪಣ ರಕ್ತ. ಆದರೆ ರಕ್ತಕ್ಕಿಂತ ಬಿಲ್ಲೆ ನೋಡಿ. ಪ್ರತಿ ಬಗೆಯ ನಾಲ್ಕರಲ್ಲಿ ಮೂರು ಪಾರದರ್ಶಕ ಗಾಜಿನವು, ಒಂದು ಮಾತ್ರ ಮಾಮೂಲಿ. ಅಂದರೆ 102 ಕಾಣುವಂಥವು, 34 ಕಾಣದವು. ಬೆರಳಿನಿಂದ ಗುರುತು ಹಿಡಿಯಬಾರದೆಂದು ಕೈಗವಸು ಹಾಕಿ, ಮೇಜಿನ ನಡುವಿನ ಕುಳಿಯಿಂದ ಎತ್ತಬೇಕು. ಎದುರಾಳಿಯ 13ರಲ್ಲಿ ಸರಾಸರಿ ಹತ್ತು ಕಾಣುತ್ತವೆ. ಮೋಸ ಹೋಗುವುದೇ ಅಲ್ಲಿ, ಏಕೆಂದರೆ ಅವನು ಯಾವುದಕ್ಕೆ ಕಾಯುತ್ತಿದ್ದಾನೆ ಎಂಬುದನ್ನು ಉಳಿದ ಮೂರೇ ತೀರ್ಮಾನಿಸಬಹುದು. ಆದರೆ ಮತ್ತೆ ನಾಲ್ಕರ ಲೆಕ್ಕ ಹಾಕಿ: ಪೂರ್ವದಿಕ್ಕಿನ ಕಾಣದ ಬಿಲ್ಲೆ ನನ್ನ ಕೈಯಲ್ಲಿದ್ದರೆ, ಅವನ ಕಾಣದ ಮೂರರಲ್ಲಿ ಪೂರ್ವ ಇರಲು ಸಾಧ್ಯವೇ ಇಲ್ಲ. ನನ್ನ ಕೈಯ ಒಂದೊಂದು ಕಾಣದ ಬಿಲ್ಲೆಯೂ ಅವನ ಕೈಯ ಮೇಲೆ ಬೆಳಕು ಬೀರುತ್ತದೆ. ಈ ನಿಯಮ ಕಟ್ಟಿದ ತಲೆಗೆ ನಾನು ಕೈಮುಗಿಯುತ್ತೇನೆ.

‘ಸಾಕಿ’ಯ ಹುಡುಗಿಗೆ ‘ರಿನ್ಶಾನ್ ಕೈಹೋ’, ಶಿಖರದ ಮೇಲೆ ಹೂ ಅರಳುವುದು. ನಾಲ್ಕೂ ಬಿಲ್ಲೆ ಸೇರಿಸಿ ‘ಕಾನ್’ ಹೇಳಿ, ಮೀಸಲು ಗೋಡೆಯಿಂದ ಬದಲಿ ಬಿಲ್ಲೆ ಎತ್ತಿ, ಅದರಲ್ಲೇ ಗೆಲ್ಲುವುದು. ಅಲ್ಲೂ ನಾಲ್ಕೇ, ನೋಡಿ. ನಿಜವಾದ ಮೇಜಿನಲ್ಲಿ ಅದು ಅಪರೂಪ, ಬೆಲೆಯೂ ಒಂದೇ ‘ಹಾನ್’ (ಗೆಲುವಿನ ಬೆಲೆ ಅಳೆಯುವ ಏಕಮಾನ). ಅದಕ್ಕಿಂತ ಕಷ್ಟದ್ದು ಅವಳ ಸೊನ್ನೆ ಆಟ: 25,000 ಅಂಕದಿಂದ ಶುರುಮಾಡಿ 29,600ರಿಂದ 30,500ರೊಳಗೆ ಮುಗಿಸಿದರೆ, ಕೊನೆಯ ಲೆಕ್ಕ 30,000ಕ್ಕೆ ಹೋಲಿಸಿ ಸಾವಿರಕ್ಕೆ ಸರಿಹೊಂದಿಸುವುದರಿಂದ, ಲಾಭವೂ ಇಲ್ಲ, ನಷ್ಟವೂ ಇಲ್ಲ. ಗೆಲ್ಲುವುದಕ್ಕಿಂತ ಸೂಕ್ಷ್ಮ ಕೆಲಸ ಅದು.

ಚೀಟಿ ಬಂತು, ಐದು ನಿಮಿಷವಂತೆ. ಆರ್ಕೇಡ್ ಆಟಗಳನ್ನು ಬಿಡುತ್ತೇನೆ. ಟೀವಿಯ ಬಗ್ಗೆ ಇಷ್ಟೇ: 2018ರಲ್ಲಿ ಜಪಾನಿನ ವೃತ್ತಿಪರ ಮಾಜಾಂಗ್ ಪಂದ್ಯಾವಳಿ ‘ಎಂ ಲೀಗ್’ ಶುರುವಾಯಿತು. ಜೂಜಿನ ಕಳಂಕ ತೊಳೆಯಬೇಕೆಂದು ಆಟಗಾರರಿಗೆ ಬಾಜಿ ನಿಷೇಧ. ಅದನ್ನು ತೋರಿಸುವ ಅಂತರಜಾಲ ಟೀವಿ ‘ಅಬೆಮಾ’ದ ಪರದೆಯಲ್ಲಿ ನಾಲ್ವರ ಕೈಯೂ ನಮಗೆ ಕಾಣುತ್ತದೆ. ಒಬ್ಬ ಕಾಯುತ್ತಿರುವ ಬಿಲ್ಲೆಯ ನಾಲ್ಕೂ ಉಳಿದ ಮೂವರ ಕೈಯಲ್ಲಿ ಗುಂಪಾಗಿ ಕೂತಿರುವುದನ್ನು ನಾವು ನೋಡುತ್ತಿರುತ್ತೇವೆ. ಅವನು ‘ರೀಚಿ’, ಅಂದರೆ ಗೆಲ್ಲಲು ಇನ್ನೊಂದೇ ಬಿಲ್ಲೆ ಬೇಕು, ಎಂದು 1000 ಅಂಕದ ಕಡ್ಡಿಯನ್ನು ಮೇಜಿನ ಮೇಲಿಡುತ್ತಾನೆ.