ಬೆಳಗಾವಿ ಅಧಿವೇಶನ, ಲಂಡನ್ ಪಿತೂರಿ

ನಮಸ್ಕಾರ ಎಲ್ಲರಿಗೂ. ನನ್ನ ಹಿಂದೆ ಕಾಣುತ್ತಿರುವುದು ನಮ್ಮ ಸುವರ್ಣ ವಿಧಾನಸೌಧ. ಚಳಿಗಾಲದ ಅಧಿವೇಶನ ನಡೆಯುತ್ತಿದೆ. ಊರಿನ ಲಾಡ್ಜ್‌ಗಳೆಲ್ಲ ಫುಲ್. ಹೆದ್ದಾರಿಯಲ್ಲಿ ಹೆಜ್ಜೆಗೊಬ್ಬ ಪೊಲೀಸರು, ಕೊಂಡಸಕೊಪ್ಪದಲ್ಲಿ ಧರಣಿಯ ಟೆಂಟುಗಳು, ನಡುವೆ ಕಬ್ಬಿನ ಟ್ರ್ಯಾಕ್ಟರುಗಳು ಬೇರೆ. ಈ ಗದ್ದಲದ ನಡುವೆ ಓದಬೇಕು ಅಂತಲೇ ನಾನು ಒಂದು ರಾಜಕೀಯ ಥ್ರಿಲ್ಲರ್ ಸರಣಿ ಕೈಗೆತ್ತಿಕೊಂಡೆ. ಮೈಕೆಲ್ ಡಾಬ್ಸ್ ಬರೆದ ಮೂರು ಕಾದಂಬರಿಗಳು. ‘ಹೌಸ್ ಆಫ್ ಕಾರ್ಡ್ಸ್’, ‘ಟು ಪ್ಲೇ ದ ಕಿಂಗ್’, ‘ದ ಫೈನಲ್ ಕಟ್’.

ಹೌಸ್ ಆಫ್ ಕಾರ್ಡ್ಸ್ ಅಂದ ಕೂಡಲೇ ನಿಮ್ಮಲ್ಲಿ ಜಾಸ್ತಿ ಜನಕ್ಕೆ 2013ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಅಮೆರಿಕದ ಸೀರೀಸ್ ನೆನಪಾಗುತ್ತದೆ, ಅಲ್ವಾ? ಆದರೆ ಮೂಲ ಕಥೆ ಲಂಡನ್ನಿನದು. ಮೊದಲ ಕಾದಂಬರಿ ಬಂದದ್ದು 1989ರಲ್ಲಿ. ಬರೆದವರು ರಾಜಕೀಯವನ್ನು ದೂರದಿಂದ ನೋಡಿದವರಲ್ಲ. ಆಗ ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರ ಪಕ್ಷದ ಒಳಗೇ ದೊಡ್ಡ ಹುದ್ದೆಯಲ್ಲಿದ್ದವರು. 1987ರ ಚುನಾವಣೆ ಸಮಯದಲ್ಲಿ ಥ್ಯಾಚರ್ ಜೊತೆ ಜಗಳವಾಯಿತು. ಆಮೇಲೆ ಮಾಲ್ಟಾ ಪಕ್ಕದ ಗೋಜೊ ದ್ವೀಪಕ್ಕೆ ರಜೆಗೆ ಹೋದರು. ಅಲ್ಲಿ ಕೂತು ಬರೆಯಲು ಶುರು ಮಾಡಿದ ಪುಸ್ತಕ ಇದು.

ಇದರ ನಾಯಕ ಫ್ರಾನ್ಸಿಸ್ ಅರ್ಕರ್ಟ್. ನಾಯಕ ಅನ್ನಬೇಕೋ ಖಳ ಅನ್ನಬೇಕೋ, ಓದಿ ನೀವೇ ಹೇಳಿ. ಅವನು ಮಂತ್ರಿಯಲ್ಲ, ಪ್ರಧಾನಿಯಲ್ಲ. ಆಡಳಿತ ಪಕ್ಷದ ಮುಖ್ಯ ಸಚೇತಕ. ಅಂದರೆ ಚೀಫ್ ವಿಪ್. ಸದನದಲ್ಲಿ ತಮ್ಮವರೆಲ್ಲ ಪಕ್ಷ ಹೇಳಿದಂತೆಯೇ ಮತ ಹಾಕುವ ಹಾಗೆ ನೋಡಿಕೊಳ್ಳುವವನು.

ಮೊನ್ನೆ ಚನ್ನಮ್ಮ ವೃತ್ತದ ಹತ್ತಿರ ಚಹಾ ಕುಡಿಯುತ್ತಾ ಓದುತ್ತಿದ್ದೆ. ಅಂಗಡಿ ಕಾಕಾ ಕೇಳಿದರು, “ಏನೈತವಾ ತಂಗಿ ಅದರಾಗ, ತಲಿನ ಎತ್ತವಲ್ಲಿ?” ಒಬ್ಬ ವಿಪ್‌ನ ಕಥೆ ಕಾಕಾ, ಅಂದೆ. “ವಿಪ್ಪಾ? 2019ರಾಗ ಟಿವಿ ಹಚ್ಚಿದ್ರ ಅದ ಮಾತಿತ್ತಲ್ಲವಾ!” ಅಂದರು. ನನಗೆ ಖುಷಿಯಾಯಿತು. ಈ ಕಾದಂಬರಿಗೆ ಪೀಠಿಕೆಯೇ ಬೇಕಾಗದ ಜಿಲ್ಲೆ ನಮ್ಮದು.

ನೆನಪಿದೆಯಲ್ಲ? ಆ ವರ್ಷ ಜುಲೈ 23ಕ್ಕೆ ವಿಧಾನಸಭೆಯಲ್ಲಿ ವಿಶ್ವಾಸಮತ. ಪರ 99, ವಿರುದ್ಧ 105. ಕುಮಾರಸ್ವಾಮಿ ಅವರ ಸರ್ಕಾರ ಬಿತ್ತು. ಪಕ್ಷಾಂತರದ ಆರೋಪದಲ್ಲಿ 17 ಶಾಸಕರು ಅನರ್ಹರಾದರು. ಅದರಲ್ಲಿ ಮೂರು ಕ್ಷೇತ್ರ ನಮ್ಮ ಜಿಲ್ಲೆಯವೇ: ಗೋಕಾಕ, ಅಥಣಿ, ಕಾಗವಾಡ. ಡಿಸೆಂಬರ್ ಉಪಚುನಾವಣೆಯಲ್ಲಿ ಮೂರೂ ಕಡೆ ಅವರೇ ಮತ್ತೆ ಗೆದ್ದು ಬಂದರು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲೂ ಇಂಥದ್ದೇ ಒಂದು ನಡೆಯಿತು. ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬರುವ ವಿಷಯದಲ್ಲಿ ಆಡಳಿತ ಪಕ್ಷದ 21 ಸಂಸದರು ತಮ್ಮದೇ ಸರ್ಕಾರದ ವಿರುದ್ಧ ಮತ ಹಾಕಿದರು. ಅವರಲ್ಲಿ ಚರ್ಚಿಲ್ ಅವರ ಮೊಮ್ಮಗನೂ ಒಬ್ಬರು. ಪಕ್ಷ ಅವರನ್ನು ಸಂಸದೀಯ ಗುಂಪಿನಿಂದ ಹೊರಗಿಟ್ಟಿತು. ಆದರೆ ಯಾರ ಸಂಸದ ಸ್ಥಾನವೂ ಹೋಗಲಿಲ್ಲ. ಅಲ್ಲಿನ ಕಾನೂನಿನಲ್ಲಿ ಹಾಗೆ ಕಿತ್ತುಕೊಳ್ಳಲು ಬರುವುದಿಲ್ಲ. ನಮ್ಮಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾನೂನಿದೆ. ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಮೀರಿದರೆ ಸದಸ್ಯತ್ವಕ್ಕೇ ಕುತ್ತು.

ಇಲ್ಲೇ ನನಗೆ ಕಾದಂಬರಿಯ ಗುಟ್ಟು ಸಿಕ್ಕಿದ್ದು. ನಮ್ಮ ಸಚೇತಕರ ಬೆನ್ನಿಗೆ ಕಾನೂನಿದೆ. ಅರ್ಕರ್ಟ್‌ಗೆ ಅದಿಲ್ಲ. ಮತ್ತೆ ನೂರಾರು ಸಂಸದರನ್ನು ಅವನು ಹಿಡಿದಿಡುವುದು ಹೇಗೆ? ಯಾರಿಗೆ ಸಾಲ ಇದೆ, ಯಾರು ಕುಡಿಯುತ್ತಾರೆ, ಯಾರು ಯಾವ ಮನೆಗೆ ಕದ್ದು ಹೋಗಿ ಬರುತ್ತಾರೆ, ಎಲ್ಲ ಅವನಿಗೆ ಗೊತ್ತು. ಕೂಗಾಡುವುದಿಲ್ಲ, ಧಮಕಿ ಹಾಕುವುದಿಲ್ಲ. ಗೊತ್ತಿದೆ ಅನ್ನುವುದು ಎದುರಿನವನಿಗೆ ಗೊತ್ತಾದರೆ ಸಾಕು. ಈ ಸರಣಿಯಲ್ಲಿ ಕೊಲೆಗಳೂ ಇವೆ. ನನ್ನನ್ನು ಹೆದರಿಸಿದ್ದು ಮಾತ್ರ ಈ ಮೆತ್ತನೆ ಮಾತು.

ಕಥೆ ಶುರುವಾಗುವುದು ಒಂದು ಚುನಾವಣೆಯಿಂದ. ಪಕ್ಷ ಕಡಿಮೆ ಅಂತರದಲ್ಲಿ ಗೆಲ್ಲುತ್ತದೆ. ಪ್ರಧಾನಿ ಹೆನ್ರಿ ಕಾಲಿಂಗ್ರಿಜ್. ಸಂಪುಟದಲ್ಲಿ ಯಾರಿರಬೇಕು, ಯಾರು ಹೋಗಬೇಕು ಅಂತ ಅರ್ಕರ್ಟ್ ಸಲಹೆ ಬರೆದುಕೊಂಡು ಹೋಗುತ್ತಾನೆ. ತನಗೂ ಒಂದು ಖಾತೆ ಸಿಗುತ್ತದೆ ಅಂತ ಆಸೆ. ಪ್ರಧಾನಿ, ಈಗೇನೂ ಬದಲಾವಣೆ ಬೇಡ ಅಂದುಬಿಡುತ್ತಾರೆ. ಅಷ್ಟೇ. ಆ ದಿನದಿಂದ ಅವನು ಒಂದೊಂದೇ ಇಟ್ಟಿಗೆ ಕೀಳಲು ಶುರು ಮಾಡುತ್ತಾನೆ.

ಒಂದು ಭಾಗ ಹೇಳಲೇಬೇಕು. ಪ್ರಧಾನಿಗೆ ಚಾರ್ಲ್ಸ್ ಅಂತ ಒಬ್ಬ ಅಣ್ಣ. ಕುಡಿತದ ಚಟ. ಅರ್ಕರ್ಟ್ ಲಂಡನ್ನಿನ ಪ್ಯಾಡಿಂಗ್ಟನ್‌ನಲ್ಲಿ ಒಂದು ಸಣ್ಣ ಬೀಡಿ-ಸಿಗರೇಟಿನ ಅಂಗಡಿ ಹುಡುಕುತ್ತಾನೆ. ದುಡ್ಡು ಕೊಟ್ಟರೆ ಬೇರೆಯವರ ಟಪಾಲು ತೆಗೆದಿಡುವ ಅಂಗಡಿ. ಆ ವಿಳಾಸದ ಮೇಲೆ ಚಾರ್ಲ್ಸ್ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯುತ್ತಾನೆ. ಒಂದು ಔಷಧ ಕಂಪನಿಗೆ ಸರ್ಕಾರದ ಪರವಾನಗಿ ಸಿಗಲಿದೆ ಅನ್ನುವುದು ಅವನಿಗೆ ಮೊದಲೇ ಗೊತ್ತು. ಆ ಖಾತೆಯಿಂದ ಆ ಕಂಪನಿಯ ಷೇರು ಕೊಳ್ಳುತ್ತಾನೆ. ಪರವಾನಗಿ ಸಿಗುತ್ತದೆ, ಷೇರಿನ ಬೆಲೆ ಏರುತ್ತದೆ. ಈಗ ಕಾಗದಪತ್ರ ನೋಡಿದವರಿಗೆ ಕಾಣುವುದು ಒಂದೇ: ಪ್ರಧಾನಿ ಮನೆಯಿಂದಲೇ ಗುಟ್ಟು ಹೊರಗೆ ಬಂದಿದೆ. ಬಂದೂಕಿಲ್ಲ, ಗೂಂಡಾಗಳಿಲ್ಲ. ಒಂದು ಅಂಗಡಿ ವಿಳಾಸ, ಒಂದು ಸಹಿ. ಇದನ್ನು ಓದುವಾಗ ನನ್ನ ಚಹಾ ಆರಿ ನೀರಾಗಿತ್ತು.

ಇವನ ಬೆನ್ನು ಹತ್ತುವವಳು ಮ್ಯಾಟಿ ಸ್ಟೋರಿನ್ ಅನ್ನುವ ಪತ್ರಕರ್ತೆ. ಚುರುಕಾದ ಹುಡುಗಿ. ನನಗೆ ಸರಣಿಯಲ್ಲಿ ಎಲ್ಲರಿಗಿಂತ ಇಷ್ಟವಾದವಳು ಅವಳೇ. ಸಣ್ಣ ಸಣ್ಣ ಅನುಮಾನಗಳನ್ನು ಅವಳು ಜೋಡಿಸುತ್ತಾ ಹೋಗುವ ಪುಟಗಳನ್ನು ನಿಧಾನವಾಗಿ ಓದಿ, ದಯವಿಟ್ಟು.

ಈ ಪುಸ್ತಕದ ಜೊತೆ ನಡೆದ ಒಂದು ನಿಜ ಘಟನೆಯೂ ಇದೆ. ಬಿಬಿಸಿ ಇದನ್ನು ಟಿವಿಗೆ ತಂದಿತು. ಮೊದಲ ಕಂತು ಬಂದದ್ದು 1990ರ ನವೆಂಬರ್ 18ಕ್ಕೆ. ಅದಾಗಿ ಎರಡೇ ದಿನಕ್ಕೆ ಥ್ಯಾಚರ್ ಅವರ ಪಕ್ಷದಲ್ಲಿ ನಾಯಕತ್ವಕ್ಕೆ ಮತದಾನ. ಅವರಿಗೆ 204 ಮತ, ಎದುರಾಳಿ ಹೆಸೆಲ್ಟೈನ್‌ಗೆ 152. ಗೆದ್ದರು ಅನಿಸುತ್ತದೆ, ಅಲ್ವಾ? ಆದರೆ ಮೊದಲ ಸುತ್ತಿನಲ್ಲೇ ಗೆಲ್ಲಲು ನಿಯಮದ ಪ್ರಕಾರ ಬೇಕಿದ್ದ ಅಂತರಕ್ಕೆ ನಾಲ್ಕು ಮತ ಕಡಿಮೆ ಬಿತ್ತು. 22ಕ್ಕೆ ರಾಜೀನಾಮೆ ಘೋಷಿಸಿದರು. ಪರದೆಯ ಮೇಲೆ ಒಬ್ಬ ಪ್ರಧಾನಿಯನ್ನು ಸ್ವಂತ ಪಕ್ಷದವರೇ ಬೀಳಿಸುವ ಕಥೆ ನಡೆಯುತ್ತಿದ್ದಾಗ, ನಿಜವಾದ ಪ್ರಧಾನಿಯೂ ಹಾಗೇ ಇಳಿದರು.

ಕೊನೆ ಏನಾಗುತ್ತದೆ ಅಂತ ಪೂರ್ತಿ ಹೇಳುವುದಿಲ್ಲ. ಒಂದು ಮಾತು ಮಾತ್ರ. 1989ರ ಕಾದಂಬರಿಯ ಕೊನೆಯೇ ಬೇರೆ, ಟಿವಿಯಲ್ಲಿ ತೋರಿಸಿದ ಕೊನೆಯೇ ಬೇರೆ. ಟಿವಿಯವರು ಅರ್ಕರ್ಟ್‌ನನ್ನು ಉಳಿಸಿಕೊಂಡರು. ಹಾಗಾಗಿಯೇ ಮುಂದಿನ ಎರಡು ಪುಸ್ತಕಗಳಿಗೆ ದಾರಿಯಾಯಿತು. ಆಮೇಲೆ ಡಾಬ್ಸ್ ಮೊದಲ ಪುಸ್ತಕವನ್ನೂ ತಿದ್ದಿ ಬರೆದರು. ಹಳೇ ಪ್ರತಿ ಸಿಕ್ಕವರು, ಹೊಸ ಪ್ರತಿ ಓದಿದವರ ಜೊತೆ ಸುಮ್ನೆ ವಾದಕ್ಕಿಳಿಯಬೇಡಿ.

ಎರಡನೆಯದರಲ್ಲಿ ಅರ್ಕರ್ಟ್‌ಗೆ ಎದುರಾಗುವುದು ಹೊಸ ರಾಜ. ಜನರ ಕಷ್ಟದ ಬಗ್ಗೆ ಬಾಯಿಬಿಟ್ಟು ಮಾತಾಡುವ ರಾಜ. ಚೆನ್ನಾಗಿದೆ, ಆದರೆ ಮೊದಲನೆಯದರ ಬಿಗಿ ಇಲ್ಲ.

ಮೂರನೆಯದನ್ನು ಮಾತ್ರ ಬಿಡಬೇಡಿ. ಅದರಲ್ಲಿ ಅರ್ಕರ್ಟ್‌ಗೆ ವಯಸ್ಸಾಗಿದೆ. ಥ್ಯಾಚರ್‌ಗಿಂತ ಒಂದು ದಿನವಾದರೂ ಜಾಸ್ತಿ ಕುರ್ಚಿಯಲ್ಲಿ ಕೂರಬೇಕು ಅನ್ನುವ ಹಟ. ಅಷ್ಟರಲ್ಲಿ ಸೈಪ್ರಸ್ ದ್ವೀಪದ ವಿಷಯ ಮೇಲೆ ಬರುತ್ತದೆ. 1956ರಲ್ಲಿ, ಸೈನ್ಯದಲ್ಲಿದ್ದಾಗ, ಅವನು ಅಲ್ಲಿ ಇಬ್ಬರು ಹುಡುಗರಿಗೆ ಮಾಡಿದ್ದು. ಊರಿಡೀ ಜನರ ಗುಟ್ಟು ಇಟ್ಟುಕೊಂಡು ಬೆಳೆದ ಮನುಷ್ಯನ ಗುಟ್ಟು ಈಗ ಬೇರೆಯವರ ಕೈಯಲ್ಲಿ. ಓದಿ. ಓದಿದ ಮೇಲೆ ಕೊನೆಯಲ್ಲಿ ಅವನು ತೆಗೆದುಕೊಂಡ ನಿರ್ಧಾರ ಸರಿಯೋ ತಪ್ಪೋ, ನನಗೆ ಬರೆದು ತಿಳಿಸಿ. ನಮ್ಮ ಮನೆಯಲ್ಲಿ ನಾನೂ ಅಣ್ಣನೂ ಇನ್ನೂ ಒಪ್ಪಂದಕ್ಕೆ ಬಂದಿಲ್ಲ.