ಮುಳುಗಿದ ತಲೆಮಾರುಗಳನ್ನೂ ಎಣಿಸಿ

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಒಂದು ಷರತ್ತಿದೆ. ನೀವು ಪರಿಶಿಷ್ಟ ಪಂಗಡದವರಲ್ಲ ಅಂದರೆ, 2005ರ ಡಿಸೆಂಬರ್ 13ಕ್ಕೂ ಮುಂಚಿನ ಮೂರು ತಲೆಮಾರು ಅರಣ್ಯ ಭೂಮಿಯಲ್ಲಿ ಬದುಕಿದ್ದಕ್ಕೆ ಪುರಾವೆ ಕೊಡಬೇಕು. ತಲೆಮಾರಿಗೆ 25 ವರ್ಷ, ಒಟ್ಟು 75. ಕೇಳೋಕೆ ಸರಿಯಾಗೇ ಇದೆ, ಅಲ್ವಾ? ನಿನ್ನೆ ಮೊನ್ನೆ ಬಂದು ಕಾಡಿಗೆ ಬೇಲಿ ಹಾಕಿದವರಿಗೆಲ್ಲ ಹಕ್ಕುಪತ್ರ ಕೊಡೋಕಾಗಲ್ಲ.

ಈಗ ಇದೇ ಲೆಕ್ಕವನ್ನು ಶರಾವತಿ ಮುಳುಗಡೆಯವರಿಗೆ ಹಾಕಿ ನೋಡಿ.

ಶರಾವತಿ ನದಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸಾಗರ, ಹೊಸನಗರ ಕಡೆಯ ಊರುಗಳು ನೀರಿಗೆ ಹೋದವು. ಗದ್ದೆ, ಅಡಿಕೆ ತೋಟ, ದೇವಸ್ಥಾನ, ಹಿರಿಯರು ಕಟ್ಟಿದ ಮನೆ, ಎಲ್ಲ. ಎಷ್ಟೋ ಕುಟುಂಬಗಳಿಗೆ ಅರಣ್ಯದ ಜಾಗ ತೋರಿಸಿದ್ದು ಸರ್ಕಾರವೇ. 1964ರಿಂದ 2005ಕ್ಕೆ 41 ವರ್ಷ. ಷರತ್ತಿಗೆ ಇನ್ನೂ 34 ವರ್ಷ ಕಮ್ಮಿ. ಆ 34 ವರ್ಷ ಎಲ್ಲಿದೆ ಅಂದರೆ ಹಿನ್ನೀರಿನ ಅಡಿಯಲ್ಲಿದೆ ಸ್ವಾಮಿ.

ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಹಳೇ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಅದೇ ನದಿಗೆ 1940ರ ದಶಕದಲ್ಲಿ ಕಟ್ಟಿದ್ದು, ಲಿಂಗನಮಕ್ಕಿ ತುಂಬಿದಾಗ ಅದೂ ಮುಳುಗಿತು. ಅದರ ಕಲ್ಲುಗೋಡೆ, ಸೈಫನ್‌ಗಳು ಇನ್ನೂ ಗಟ್ಟಿಯಾಗಿ ನಿಂತಿವೆ. ಜನ ಹೋಗಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ತಪ್ಪೇನಿಲ್ಲ ಬಿಡಿ, ನೋಡುವಂಥದ್ದೇ. ಆದರೆ ಆ ಕಣಿವೆಯಲ್ಲಿ ಎರಡೆರಡು ಸಲ ನೀರು ಏರಿತ್ತು ಅನ್ನೋದು ಫೋಟೋ ತೆಗೆಯುವಾಗ ಯಾರಿಗೆ ನೆನಪಾಗುತ್ತದೆ?

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಅರಣ್ಯ ಭೂಮಿ ಬಿಟ್ಟುಕೊಡೋಕೆ ಕೇಂದ್ರದ ಒಪ್ಪಿಗೆ ಬೇಕು ಅನ್ನುವ ಕಾಯ್ದೆ ಬಂದದ್ದು 1980ರಲ್ಲಿ. ಅಂದರೆ ರಾಜ್ಯದ ಕೈಯಲ್ಲೇ 16 ವರ್ಷ ಇತ್ತು. ಅಷ್ಟರಲ್ಲಿ ಡಿನೋಟಿಫಿಕೇಷನ್ ಫೈಲ್, ಅಂದರೆ ಆ ಜಾಗವನ್ನು ಅರಣ್ಯದ ಪಟ್ಟಿಯಿಂದ ಕೈಬಿಡುವ ಫೈಲ್, ಮುಗಿಸಲಿಲ್ಲ. ಎಷ್ಟೋ ವರ್ಷದ ಮೇಲೆ ಆದೇಶ ಹೊರಡಿಸಿದರು. ಕೇಂದ್ರದ ಒಪ್ಪಿಗೆ ಇಲ್ಲ ಅಂತ 2021ರಲ್ಲಿ ಹೈಕೋರ್ಟ್ ರದ್ದು ಮಾಡಿತು. ಕೋರ್ಟನ್ನು ಬೈದು ಏನು ಪ್ರಯೋಜನ? ಕಾನೂನು ಇದ್ದದ್ದೇ ಹಾಗೆ.

ನಾನು ಹೇಳುವುದಿಷ್ಟೇ. ಮುಳುಗಿದ ಊರಿನಲ್ಲಿ ಕಳೆದ ತಲೆಮಾರುಗಳನ್ನೂ ಈ ಲೆಕ್ಕಕ್ಕೆ ಸೇರಿಸಿ. ಅದಕ್ಕೆ ಕಾಯ್ದೆ ತಿದ್ದಬೇಕಾದರೆ ತಿದ್ದಿ. ಇವರ ಹೆಸರಲ್ಲಿ ಒತ್ತುವರಿದಾರರೂ ನುಗ್ಗುತ್ತಾರೆ ಅನ್ನುವವರಿದ್ದಾರೆ. ನುಗ್ಗಬಹುದು. ಆದರೆ ಯಾರ ಜಮೀನು ಮುಳುಗಿತು, ಯಾರಿಗೆ ಪರಿಹಾರ ಕೊಟ್ಟೆವು ಅಂತ ಭೂಸ್ವಾಧೀನದ ಹೊತ್ತಿನಲ್ಲಿ ಬರೆದುಕೊಂಡದ್ದು ಸರ್ಕಾರವೇ ತಾನೆ? ಆ ಕಡತ ತೆಗೆಯಿರಿ. ಅದರಲ್ಲಿ ಹೆಸರಿರುವವರ ಮೊಮ್ಮಕ್ಕಳು ಇವತ್ತಿಗೂ ಸಾಲ ಕೇಳೋಕೆ ಹೋಗಿ, ಪಹಣಿ ಇಲ್ಲ ಅಂತ ಅನ್ನಿಸಿಕೊಂಡು ವಾಪಸ್ ಬರುತ್ತಿದ್ದಾರೆ.