ಗಂಧದ ಗಿಡವನ್ನು ಒಂಟಿಯಾಗಿ ನೆಡಬೇಡಿ

ಕೃಷಿ ಬಾಂಧವರೇ, ನಮಸ್ಕಾರ.

ಶ್ರೀಗಂಧದ ಬಗ್ಗೆ ಮಾತನಾಡಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ಎಕರೆಗೆ ಎಷ್ಟು ಕೋಟಿ ಬರುತ್ತದೆ ಎಂದು ಕೇಳಲು ನೀವು ಕಾದು ಕುಳಿತಿರಬಹುದು. ಕೋಟಿಯ ಲೆಕ್ಕ ಹೇಳುವವರಿಗೆ ನಾಡಿನಲ್ಲಿ ಬರವಿಲ್ಲ. ಅವರಲ್ಲಿ ಬಹಳಷ್ಟು ಮಂದಿ ಸಸಿ ಮಾರುವವರು. ನಾನು ಹೇಳಬೇಕೆಂದು ಬಂದಿರುವುದು ಒಂದೇ ಮಾತು. ಗಂಧದ ಗಿಡವನ್ನು ಒಂಟಿಯಾಗಿ ನೆಡಬೇಡಿ. ಪಕ್ಕದಲ್ಲಿ ಇನ್ನೊಂದು ಗಿಡ ಇರಲೇಬೇಕು.

ಕಾರಣ ಸರಳ. ಶ್ರೀಗಂಧ ಅರೆ ಪರಾವಲಂಬಿ. ಮೇಲೆ ನೋಡಿದರೆ ಗುಮಾನಿಯೇ ಬರುವುದಿಲ್ಲ. ಹಸಿರೆಲೆ ಇದೆ, ಬಿಸಿಲು ಕುಡಿದು ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ, ಹೂವು ಬಿಡುತ್ತದೆ, ಹಣ್ಣು ಬಿಡುತ್ತದೆ. ವ್ಯವಹಾರವೆಲ್ಲ ನಡೆಯುವುದು ನೆಲದ ಕೆಳಗೆ. ಸಾರಜನಕ, ರಂಜಕದಂಥ ಪೋಷಕಾಂಶಗಳನ್ನು ಮಣ್ಣಿನಿಂದ ಎಳೆದುಕೊಳ್ಳುವುದರಲ್ಲಿ ಗಂಧದ ಬೇರು ಸೋಮಾರಿ. ಹಾಗಾಗಿ ಅದು ಪಕ್ಕದ ಗಿಡದ ಬೇರನ್ನು ಹುಡುಕಿಕೊಂಡು ಹೋಗಿ, ಅಂಟಿಕೊಂಡು, ಅದರೊಳಗಿನ ನೀರು ಮತ್ತು ಲವಣಗಳನ್ನು ಹೀರುತ್ತದೆ.

ಕಣ್ಣಿಲ್ಲದ ಬೇರು ಕತ್ತಲೆಯಲ್ಲಿ ಹೇಗೆ ಹುಡುಕುತ್ತದೆ? ಪ್ರತಿಯೊಂದು ಗಿಡದ ಬೇರಿನಿಂದಲೂ ಸುತ್ತಲಿನ ಮಣ್ಣಿಗೆ ಒಂದಿಷ್ಟು ರಾಸಾಯನಿಕ ಜಿನುಗುತ್ತಲೇ ಇರುತ್ತದೆ. ಈ ಬಗೆಯ ಪರಾವಲಂಬಿ ಬೇರುಗಳು ಆ ಜಿನುಗನ್ನು ಗುರುತು ಹಿಡಿಯುತ್ತವೆ. ಸುಳಿವು ಸಿಕ್ಕಿದ ಜಾಗದಲ್ಲಿ ಬೇರಿನ ಪಕ್ಕಕ್ಕೆ ಒಂದು ಸಣ್ಣ ಗಂಟು ಉಬ್ಬುತ್ತದೆ. ಅದನ್ನು ಹೀರುಬೇರು ಎನ್ನೋಣ. ಗಂಧ ಹೀಗೆ ಬದುಕುತ್ತದೆ ಎಂದು 1871ರಲ್ಲೇ ಜಾನ್ ಸ್ಕಾಟ್ ಎಂಬ ಸಸ್ಯಶಾಸ್ತ್ರಜ್ಞ ಬರೆದಿಟ್ಟಿದ್ದಾನೆ. ಆಮೇಲೆ ಮದರಾಸು ಪ್ರಾಂತ್ಯದಲ್ಲಿ ಸಿ. ಎ. ಬಾರ್ಬರ್ ಆ ಗಂಟುಗಳನ್ನು ಕೊಯ್ದು ಕೊಯ್ದು ನೋಡಿ ವಿವರವಾಗಿ ವರ್ಣಿಸಿದ. ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಅಭಿವೃದ್ಧಿಗೆ ಅಡಿಪಾಯ ಹಾಕಿದವನೂ ಇದೇ ಬಾರ್ಬರ್. ಅಂದರೆ ವಿಷಯ ಹೊಸದಲ್ಲ, ನೂರೈವತ್ತು ವರ್ಷ ಹಳೆಯದು. ಆದರೂ ಇವತ್ತಿಗೂ ಖಾಲಿ ನೆಲದಲ್ಲಿ ಬರೀ ಗಂಧದ ಸಾಲು ನೆಟ್ಟು, ಗೊಬ್ಬರ ಸುರಿದು, ಗಿಡ ಏಕೆ ಹಳದಿಯಾಯಿತು ಎಂದು ಕೇಳುತ್ತಾರೆ!

ತಿಪಟೂರಿನ ಕಡೆ ಒಬ್ಬರು ರೈತರಿದ್ದಾರೆ. ಅವರ ಹೊಲದ ಕಥೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಬಹಳ ಅಚ್ಚುಕಟ್ಟಿನ ಮನುಷ್ಯ. ಅವರ ಗಂಧದ ತೋಟದಲ್ಲಿ ದಾರ ಹಿಡಿದು ನೆಟ್ಟ ಸಾಲುಗಳು, ಪ್ರತಿ ಗಿಡಕ್ಕೂ ಹನಿ ನೀರಾವರಿ, ಪಾತಿಯಲ್ಲಿ ಒಂದು ಗರಿಕೆಯೂ ಇಲ್ಲ. ಮೊದಲ ವರ್ಷ ಸಸಿಗಳು ಚೆನ್ನಾಗಿಯೇ ಇದ್ದವಂತೆ. ಎರಡನೆಯ ವರ್ಷದಲ್ಲಿ ಎಲೆ ಬಿಳಿಚಿಕೊಂಡಿತು, ತುದಿ ಒಣಗತೊಡಗಿತು. ನಾನು ಹೋದಾಗ ಅವರು ಒಂದು ಉದ್ದನೆಯ ಪಟ್ಟಿ ಹಿಡಿದು ನಿಂತಿದ್ದರು. ಹಾಕಿದ ಗೊಬ್ಬರ, ಸಿಂಪಡಿಸಿದ ಔಷಧಿ, ಖರ್ಚಾದ ಹಣ, ಎಲ್ಲವೂ ಅದರಲ್ಲಿತ್ತು.

"ಇನ್ನೇನು ಹಾಕಲಿ ಸ್ವಾಮಿ?" ಎಂದರು.

ನಾನು ಅವರ ಗಿಡಗಳನ್ನು ನೋಡುತ್ತಿರಲಿಲ್ಲ. ಅವರ ಬೇಲಿಯನ್ನು ನೋಡುತ್ತಿದ್ದೆ. ಹೊಂಗೆ, ಲಂಟಾನ, ಕಳ್ಳಿ ಒತ್ತೊತ್ತಾಗಿ ಬೆಳೆದಿದ್ದ ಆ ಬೇಲಿಯ ನಡುವೆ ಒಂದು ಗಂಧದ ಗಿಡ ಆಳೆತ್ತರ ಬೆಳೆದು ಕಡು ಹಸಿರಾಗಿ ನಿಂತಿತ್ತು. ಕೋಗಿಲೆಯೋ ಪಿಕಳಾರವೋ ಹಣ್ಣು ತಿಂದು ಬೀಜ ಉದುರಿಸಿ ಹುಟ್ಟಿದ್ದು. ಅದಕ್ಕೆ ಯಾರೂ ನೀರು ಹಾಕಿರಲಿಲ್ಲ, ಗೊಬ್ಬರದ ಮಾತಂತೂ ದೂರ.

"ಅದು ಕಾಡುಗಿಡ ಸ್ವಾಮಿ, ಅದರ ಜಾತಿಯೇ ಬೇರೆ" ಎಂದರು ಅವರು.

ಜಾತಿ ಅದೇ. ಇಬ್ಬರೂ ಕುಳಿತು ಬೇಲಿಯ ಗಿಡದ ಒಂದು ಬೇರಿನ ಜಾಡು ಹಿಡಿದೆವು. ಸಣ್ಣ ಗುದ್ದಲಿಯಿಂದ ಮೇಲ್ಮಣ್ಣು ಸರಿಸಿ, ನೀರು ಚಿಮುಕಿಸಿ, ಉಳಿದ ಮಣ್ಣನ್ನು ಬೆರಳಿನಿಂದಲೇ ಬಿಡಿಸಿದೆವು. ಬೇರು ಸೀದಾ ಹೊಂಗೆಯ ಬುಡದ ಕಡೆಗೆ ಹೋಗಿತ್ತು. ಹೊಂಗೆಯ ಬೇರನ್ನು ಮುಟ್ಟಿದಲ್ಲೆಲ್ಲ ಅರ್ಧ ಅವರೆಕಾಳಿನಷ್ಟು ದಪ್ಪದ ಬೆಳ್ಳನೆಯ ಗಂಟುಗಳು. ಒಂದನ್ನು ಹಿಡಿದು ಎಳೆದರೆ ಬರಲಿಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೋರಿಸಿದೆ. ಗಂಟಿನ ತಳದಿಂದ ಒಂದು ಬಿಳಿಯ ಮೊಳೆ ಹೊಂಗೆಯ ತೊಗಟೆಯನ್ನು ತೂರಿ, ಒಳಗಿನ ನೀರಿನ ನಾಳದವರೆಗೂ ಇಳಿದಿತ್ತು. ಅಷ್ಟರಲ್ಲಿ ಕಾಫಿ ತಂದ ಅವರ ಮನೆಯಾಕೆ ಬಗ್ಗಿ ನೋಡಿ, "ಕರು ಕೆಚ್ಚಲಿಗೆ ಬಾಯಿ ಹಾಕಿದ ಹಾಗಿದೆಯಲ್ಲ" ಎಂದರು. ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಗಂಡನ ಕಡೆ ತಿರುಗಿ, "ಸಾಲಿನ ನಡುವೆ ತೊಗರಿ ಹಾಕೋಣ ಎಂದರೆ ಗಲೀಜು ಎಂದಿರಿ" ಎಂದು ಒಂದು ಏಟನ್ನೂ ಕೊಟ್ಟರು. ಆ ಅಮ್ಮ ಆದಾಯಕ್ಕಾಗಿ ತೊಗರಿ ಕೇಳಿದ್ದರು. ಗಂಧಕ್ಕೆ ಬೇಕಾಗಿದ್ದದ್ದೂ ಅದೇ.

ಆಮೇಲೆ ತೋಟದ ಒಂದು ಗಿಡವನ್ನು ಅಗೆದೆವು. ಬೇರುಗಳು ದೂರ ದೂರ ಹರಡಿದ್ದವು. ಹಿಡಿದುಕೊಳ್ಳಲು ಏನೂ ಸಿಕ್ಕಿರಲಿಲ್ಲ. ಅವರು ಕಿತ್ತು ಬಿಸಾಡಿದ ಕಳೆಯೇ ಅದರ ಊಟವಾಗಿತ್ತು. ಆ ಮುಂಗಾರಿನಲ್ಲಿ ಪ್ರತಿ ಗಿಡದ ಸುತ್ತ ತೊಗರಿ ಬಿತ್ತಿದರು, ಸಾಲಿನ ನಡುವೆ ಚೊಗಚೆ ಮತ್ತು ಸರ್ವೆ ನೆಟ್ಟರು. ಜೀವ ಹಿಡಿದಿದ್ದ ಗಿಡಗಳು ಮುಂದಿನ ವರ್ಷ ಹಸಿರಾದವು. ಒಣಗಿದವು ಒಣಗಿದವೇ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಗಂಧಕ್ಕೆ ಊಟ ಕೊಡುವ ಪಕ್ಕದ ಗಿಡವನ್ನು ಆಸರೆ ಗಿಡ ಎನ್ನೋಣ. ಅದು ಮೂರು ಹಂತದಲ್ಲಿ ಬೇಕು. ನರ್ಸರಿಯ ಚೀಲದಲ್ಲಿ ಗಂಧದ ಸಸಿಯ ಜೊತೆಗೇ ತೊಗರಿಯೋ ಹೊನಗೊನೆಯೋ ಇರಲಿ. ಸಸಿ ಕೊಳ್ಳುವಾಗ ಚೀಲದಲ್ಲಿ ಎರಡು ಗಿಡ ಇವೆಯೇ ನೋಡಿ. ಒಂದೇ ಇದ್ದರೆ ಕೇಳಿ, ಜಗಳವಾಡಿ. ಹೊಲದಲ್ಲಿ ಮೊದಲ ಕೆಲವು ವರ್ಷಗಳಿಗೆ ತೊಗರಿ, ಚೊಗಚೆ. ಆಮೇಲಿನ ದೀರ್ಘ ಕಾಲಕ್ಕೆ ಹೊಂಗೆ, ಸರ್ವೆ, ಜಾಲಿ, ನೆಲ್ಲಿ. ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿದಿಡುವ ಗಿಡಗಳಾದರೆ ಗಂಧಕ್ಕೆ ಹಬ್ಬ. ನೀಲಗಿರಿ ಬೇಡ. ಆಸರೆ ಗಿಡ ಮೇಲೆದ್ದು ನೆರಳು ಕವಿದರೆ ರೆಂಬೆ ಸವರಿ, ಬುಡ ಕಡಿಯಬೇಡಿ. ಪಶ್ಚಿಮ ಆಸ್ಟ್ರೇಲಿಯಾದ ಕುನುನುರಾದಲ್ಲಿ ನಮ್ಮದೇ ಶ್ರೀಗಂಧವನ್ನು ಸಾವಿರಾರು ಎಕರೆಯಲ್ಲಿ ಬೆಳೆಸಿದ್ದಾರೆ. ಅವರು ಚೀಲದಿಂದಲೇ ಶುರುಮಾಡಿ ಹಂತ ಹಂತಕ್ಕೂ ಆಸರೆ ಗಿಡ ಕೊಡುತ್ತಾರೆ. ಮರ ನಮ್ಮದು, ಅದಕ್ಕೆ ಊಟ ಹಾಕುವ ರೀತಿಯನ್ನು ಅವರಿಂದ ನೋಡಿ ಕಲಿಯಬೇಕಾಗಿದೆ.

ರೋಗದ ಬಗ್ಗೆ ಎರಡೇ ವಾಕ್ಯ. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡ ಸ್ಪೈಕ್ ರೋಗಕ್ಕೆ ಮದ್ದಿಲ್ಲ, ರಸ ಹೀರುವ ಕೀಟಗಳಿಂದ ಹರಡುತ್ತದೆ. ಎಲೆ ಚಿಕ್ಕದಾಗುತ್ತಾ ಬಂದು ರೆಂಬೆ ಮುಳ್ಳಿನ ಗೊಂಚಲಿನ ಹಾಗೆ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ, ಆ ಮರವನ್ನು ತೆಗೆಸಿ. ಕಾನೂನಿನ ವಿಷಯ: ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ಬಂದ ತಿದ್ದುಪಡಿಯಿಂದ ನಿಮ್ಮ ಜಮೀನಿನ ಗಂಧದ ಮರಕ್ಕೆ ನೀವೇ ಮಾಲೀಕರು, ಆದರೆ ಕಡಿಯಲು ಇಲಾಖೆಯ ಅನುಮತಿ ಬೇಕು. ಕಳ್ಳರ ಬಗ್ಗೆ, ಚೇಗು, ಅಂದರೆ ಮರದೊಳಗಿನ ಪರಿಮಳದ ತಿರುಳು, ಕಟ್ಟುವ ಬಗ್ಗೆ ಹೇಳಲು ಇವತ್ತು ಸಮಯವಿಲ್ಲ. ಮೊದಲು ಗಿಡ ಬದುಕಲಿ, ಕಳ್ಳರ ಚಿಂತೆ ಆಮೇಲೆ.

ಈ ಕಾರ್ಯಕ್ರಮ ಕೇಳಿ ಆಕಾಶವಾಣಿಗೆ ಪತ್ರ ಬರೆಯುವವರು ದಯವಿಟ್ಟು ಯಾವ ಗೊಬ್ಬರ ಹಾಕಬೇಕು ಎಂದು ಕೇಳಬೇಡಿ. ನಿಮ್ಮ ಗಂಧದ ಗಿಡದ ಮಗ್ಗುಲಲ್ಲಿ ಏನು ಬೆಳೆದಿದೆ, ಎಷ್ಟು ಅಡಿ ದೂರದಲ್ಲಿದೆ ಎಂದು ಬರೆಯಿರಿ. ಉತ್ತರ ಕಳಿಸುತ್ತೇನೆ. ನಮಸ್ಕಾರ.